ತತ್ವಶಾಸ್ತ್ರದ ಸರ್ ಮತ್ತು ಒಂದು ಫಿಶ್‌ಪಾಂಡ್ ಚೀಟಿ

ನಮ್ಮ ಕಾಲೇಜಿನ ತತ್ವಶಾಸ್ತ್ರದ ಸರ್ ತೀರಿಕೊಂಡು ಹದಿನೈದು ದಿನವಾಯಿತು. ಅವರ ಬಗ್ಗೆ ಬರೆಯಲು ನನಗಿಂತ ಯೋಗ್ಯರಾದವರು ಬೆಳಗಾವಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ತುಂಬಿದ ಸಭೆಯಲ್ಲಿ ಅವರ ಮರ್ಯಾದೆ ಕಳೆಯಲು ಹೋಗಿ, ಅವರಿಂದಲೇ ಉಪಕಾರ ಮಾಡಿಸಿಕೊಂಡು, ಹನ್ನೊಂದು ವರ್ಷ ಆ ಸಂಗತಿಯನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದವನು ನಾನೊಬ್ಬನೇ. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ, ಗೊತ್ತಾಗಿದ್ದರೆ ಎಷ್ಟು ನೊಂದಿದ್ದರೋ ಎಂಬ ಪ್ರಶ್ನೆ ಹನ್ನೊಂದು ವರ್ಷ ನನ್ನನ್ನು ಕೊರೆದಿದೆ. ಆ ಕಾರಣಕ್ಕೆ ಬರೆಯುತ್ತಿದ್ದೇನೆ.

ಸರ್ ಅವರ ಪ್ರಾಣವೆಲ್ಲ ಇದ್ದದ್ದು ಮುನ್ನೂರು ನಾನೂರು ವರ್ಷಗಳ ಹಿಂದಿನ ಯುರೋಪಿನಲ್ಲಿ. ದೇಹ ಮಾತ್ರ ದಿನಾ ಬೆಳಿಗ್ಗೆ ಲೋಂಡಾ ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿ ಹಿಡಿದು ಖಾನಾಪುರದಿಂದ ಬೆಳಗಾವಿಗೆ ಬರುತ್ತಿತ್ತು. ಗಿಡ್ಡ ಆಳು, ನುಣ್ಣನೆ ತಲೆ, ಮೂರೂ ಕಾಲಕ್ಕೆ ಅದೇ ಕಂದು ಕೋಟು. ಕೋಟಿನ ಗುಂಡಿಗಳು ಯಾವತ್ತೂ ಒಂದು ಮನೆ ತಪ್ಪಿಯೇ ಕೂತಿರುತ್ತಿದ್ದವು, ಹಾಗಾಗಿ ಸರ್ ನೇರ ನಿಂತರೂ ಒಂದು ಕಡೆ ವಾಲಿದ ಹಾಗೆ ಕಾಣುತ್ತಿತ್ತು. ಖಾನಾಪುರದ ಸ್ಟೇಷನ್ನಿನಲ್ಲಿ ಚಹಾ ಮಾರುವವರು ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಗುಂಡಿಯ ವಿಷಯ ನೆನಪು ಮಾಡುತ್ತಿದ್ದರು. ಸರ್ ಎರಡೂ ಭಾಷೆಯಲ್ಲಿ ಉಪಕಾರ ಹೇಳಿ ಹಾಗೇ ಗಾಡಿ ಹತ್ತುತ್ತಿದ್ದರು.

ನಾನು ಆ ಕಾಲೇಜಿಗೆ ಕನ್ನಡದ ಅತಿಥಿ ಉಪನ್ಯಾಸಕನಾಗಿ ಸೇರಿದಾಗ ನನ್ನನ್ನು ಮಾತಾಡಿಸಿದ ಮೊದಲಿಗರು ಅವರೇ. ಮಾತಾಡಿಸಿದರು ಎನ್ನುವುದಕ್ಕಿಂತ, ಕ್ಯಾಂಟೀನಿನಲ್ಲಿ ನನ್ನ ಎದುರು ಕೂತು ಎಲ್ಲಿಂದಲೋ ಶುರುಮಾಡಿದರು.

"ನೋಡಪಾ ತಮ್ಮಾ, ಮದಲ ತತ್ವಜ್ಞಾನಿ ಅಂದ್ರ ಯುನಿವರ್ಸಿಟಿಯೊಳಗ ನಿಲುವಂಗಿ ಹಾಕ್ಕೊಂಡು ಕುಂದರ್ತಿದ್ದ. ನಿಲುವಂಗಿ ನೋಡಿದ್ರ ಸಾಕು, ಮಂದಿ ಕೈ ಮುಗೀತಿದ್ರು. ಆಮ್ಯಾಲೆ ಈ ಹೊಸಾ ಮಂದಿ ಬಂದು ನಿಲುವಂಗಿ ಕಳದ ಒಗದ್ರು. ಒಬ್ಬಾಂವ ಒಲಿ ಮುಂದ ಕುಂತು ಎಲ್ಲಾದರ ಮ್ಯಾಲೆ ಸಂಶಯ ಪಟ್ಟ. ಇನ್ನೊಬ್ಬಾಂವ ಚಷ್ಮಾದ ಕಾಜು ಉಜ್ಜಕೋತ ಕುಂತ. ಇಂವ ತತ್ವಜ್ಞಾನಿ ಹೌದೋ ಅಲ್ಲೋ ಅಂತ ಮಂದಿ ಗುರುತು ಹಿಡಿಯೂದು ಹೆಂಗ?"

"ಹೆಂಗ್ರಿ ಸರ್?"

"ನಾಟಕದವರು ಹಿಡದ ಕೊಟ್ರು! ಅಣಕಾ ಬರಿಯೂ ಮಂದಿ ಕೊಟ್ರು! ದುರ್ಬೀನು ಹಿಡದು ಚಂದ್ರನ್ನ ನೋಡಕೋತ ಹಿತ್ತಲದಾಗಿನ ತಿಪ್ಪಿಯೊಳಗ ಬೀಳಾಂವ, ಹೆಂಡತಿ ಅದಾಳೋ ಇಲ್ಲೋ ಅಂತ ಹೆಂಡತಿ ಕಡೇನ ಪುರಾವೆ ಕೇಳಾಂವ... ಹಿಂಗ ಆಡಿಕೊಂಡ ಆಡಿಕೊಂಡ ಅವರಿಗೊಂದು ಮಾರಿ, ಒಂದು ಗುರುತು ಮಾಡಿಕೊಟ್ರು. ಅಣಕಿಸಿಕೊಳ್ಳೂ ತನಕಾ ಅಂವ ಬರೇ ಮಾಸ್ತರ."

"ಅವರಿಗೆ ಸಿಟ್ಟು ಬರ್ತಿದ್ದಿಲ್ಲೇನ್ರಿ?"

"ದಡ್ಡರಿಗೆ ಬಂತು. ಶಾಣ್ಯಾರು ಆ ವೇಷಾನ ತಾವ ಹಾಕ್ಕೊಂಡು ಬರ್ಯಾಕ ಶುರು ಮಾಡಿದ್ರು. ಹುಚ್ಚರ ಗತೆ ಕಂಡ್ರ ಯಾರೂ ಜೈಲಿಗೆ ಹಾಕೂದಿಲ್ಲ, ಹೌದಲ್ಲ?" ಎಂದು ಹೇಳಿ ನನ್ನ ಚಹಾವನ್ನು ತಮ್ಮದೆಂದು ಕುಡಿದು ಎದ್ದುಹೋದರು.

ಇದೇ ವಿಷಯದ ಮೇಲೆ ಸರ್ ಪಿಎಚ್‌ಡಿ ಮಾಡುತ್ತಿದ್ದರು. ಮೊದಲ ಮಾರ್ಗದರ್ಶಕರು ನಿವೃತ್ತರಾದರು. ಎರಡನೆಯವರು ಊರು ಬಿಟ್ಟರು. ಮೂರನೆಯವರು ಸರ್ ಅವರ ಹಳೆಯ ವಿದ್ಯಾರ್ಥಿಯೇ ಆಗಿದ್ದರಿಂದ ಗುರುವನ್ನು ಅವಸರ ಮಾಡುವ ಧೈರ್ಯ ಅವರಿಗಿರಲಿಲ್ಲ. ಮೂರನೆಯ ಅಧ್ಯಾಯ ಮಾತ್ರ ವರ್ಷ ವರ್ಷ ಉದ್ದವಾಗುತ್ತ ಹೋಯಿತು. ಸರ್ ಅವರ ಹೆಂಡತಿಯನ್ನು ನಾವೆಲ್ಲ ಕಾಕೂ ಎನ್ನುತ್ತೇವೆ. ಕಾಕೂ ಆ ಹಸ್ತಪ್ರತಿಯನ್ನು "ನನ್ನ ಸವತಿ" ಎಂದು ಕರೆಯುತ್ತಿದ್ದರು, ಧೂಳು ಹೊಡೆಯುವಾಗ ಅದಕ್ಕೆ ಎರಡೇಟು ಹೆಚ್ಚಿಗೆ ಕೊಡುತ್ತಿದ್ದರು.

ತತ್ವಶಾಸ್ತ್ರಕ್ಕೆ ಪ್ರತಿ ವರ್ಷ ಮೂರೋ ನಾಲ್ಕೋ ವಿದ್ಯಾರ್ಥಿಗಳು. ಅವರಲ್ಲೊಬ್ಬನಾದರೂ ಊರಿನ ಬಸ್ಸು ತಡವಾಗಿ ಬರುವುದರಿಂದ ಕೂರಲೊಂದು ಜಾಗ ಬೇಕೆಂದು ಸೇರಿದವನಾಗಿರುತ್ತಿದ್ದ. ಅವರ ಎದುರಿಗೆ ಸರ್ ಮೊದಲ ದಿನವೇ ಕುರ್ಚಿಯ ಮೇಲೆ ಸಂಶಯ ಪಡುತ್ತಿದ್ದರು. ಈ ಕುರ್ಚಿ ಇದೆಯೋ, ಇದೆ ಎಂದು ನನಗೆ ಅನ್ನಿಸುತ್ತಿದೆಯೋ ಎಂದು ಶುರುವಾದರೆ ಅದು ಇತ್ಯರ್ಥವಾಗುವ ತನಕ ಅದರ ಮೇಲೆ ಕೂರುತ್ತಿರಲಿಲ್ಲ. ಇತ್ಯರ್ಥಕ್ಕೆ ಒಂದು ತಿಂಗಳು ಹಿಡಿಯುತ್ತಿತ್ತು. ಒಂದು ವರ್ಷ ಪ್ರಿನ್ಸಿಪಾಲರು ತಪಾಸಣೆಗೆಂದು ಕ್ಲಾಸಿಗೆ ಬಂದು, ಖಾಲಿ ಇದ್ದ ಆ ಕುರ್ಚಿಯ ಮೇಲೆ ಕುಳಿತರು. ಕಾಲು ಮುರಿದ ಕುರ್ಚಿ ಅದು. ಪ್ರಿನ್ಸಿಪಾಲರು ನೆಲಕ್ಕೆ ಬಿದ್ದಾಗ ಸರ್ ಅವರನ್ನು ಎಬ್ಬಿಸುವುದನ್ನು ಬಿಟ್ಟು ಹುಡುಗರ ಕಡೆ ತಿರುಗಿ, "ನೋಡಿದ್ರೇನು? ಸಂಶಯಾ ಪಡಲಾರದವರ ಗತಿ" ಎಂದರಂತೆ. ಆ ವರ್ಷ ಅವರಿಗೆ ಪರೀಕ್ಷಾ ಡ್ಯೂಟಿ ಮಿಕ್ಕವರ ಎರಡರಷ್ಟು ಬಿತ್ತು.

ಗಾಡಿಯಲ್ಲೂ ಅದೇ ಕತೆ. ಸರ್ ಅವರ ಪಾಸಿನಲ್ಲಿದ್ದ ಫೋಟೋ ತಲೆತುಂಬ ಕೂದಲಿದ್ದ ಕಾಲದ್ದು. ಹೊಸದಾಗಿ ಬಂದ ಟಿಸಿಯೊಬ್ಬರು ಫೋಟೋ ನೋಡಿ, ತಲೆ ನೋಡಿ, "ಇದು ನೀವ ಏನ್ರಿ?" ಎಂದು ಕೇಳಿದ್ದೇ ತಪ್ಪಾಯಿತು.

"ಭಾಳ ಛಲೋ ಪ್ರಶ್ನಾ ಕೇಳಿದ್ರಿ, ಕುಂದರ್ರಿ," ಎಂದು ಸರ್ ಅವರನ್ನು ಬಾಜೂಕ ಕೂರಿಸಿಕೊಂಡರು. ನಿನ್ನೆಯ ನಾನು ಇಂದಿನ ನಾನು ಒಂದೇ ಎನ್ನಲು ಆಧಾರ ಏನು, ನೆನಪೋ ಮೈಯೋ, ಮೈ ಆಗಿದ್ದರೆ ಹೋದ ಕೂದಲಿನ ಲೆಕ್ಕ ಯಾರು ಕೊಡಬೇಕು ಎಂದು ದೇಸೂರು ದಾಟುವ ತನಕ ಪಾಠ ನಡೆಯಿತು. ಟಿಸಿ ಕೊನೆಗೆ ಎದ್ದು ಕೈಮುಗಿದರು. "ಸರ್, ನೀವು ಯಾರರ ಆಗವಲ್ಲರ್ಯಾಕ, ಪಾಸ್ ನಡೀತೈತ್ರಿ." ಆ ಡಬ್ಬಿಯಲ್ಲಿ ಟಿಕೆಟ್ ಇಲ್ಲದೆ ಕೂತಿದ್ದ ಇಬ್ಬರು ಅಂದಿನಿಂದ ಸರ್ ಅವರ ಪರಮ ಭಕ್ತರಾದರು.

ವರ್ಷಕ್ಕೊಮ್ಮೆ ಸರ್ ತಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತಿದ್ದರು. ಮೇಷ್ಟರನ್ನು ಅಣಕಿಸಿ ನಾಲ್ಕು ಸಾಲು ಬರೆಯಬೇಕು, ಚೆನ್ನಾಗಿ ಬರೆದವರಿಗೆ ಕಾಲು ಕಿಲೋ ಕುಂದಾ. ನಮ್ಮ ಹುಡುಗರು ಗುರುಭಕ್ತಿಯಲ್ಲಿ ಬೆಳೆದವರು. "ನಮ್ಮ ಸರ್ ತುಂಬ ಒಳ್ಳೆಯವರು, ಅವರ ಪಾಠ ನಮಗೆ ಬಹಳ ಇಷ್ಟ" ಎಂದು ಬರೆದು ಕೊಡುತ್ತಿದ್ದರು. ಒಬ್ಬ ಹುಡುಗಿ ಇನ್ನೂ ಮುಂದೆ ಹೋಗಿ ಸರ್ ಅವರನ್ನು ಹುಣ್ಣಿಮೆಯ ಚಂದ್ರನಿಗೆ ಹೋಲಿಸಿದಳು. ಅದು ತಲೆಯ ಬಗ್ಗೆ ಇರಬಹುದೆಂದು ಸರ್ ಆಸೆಯಿಂದ ವಿಚಾರಿಸಿದರೆ, ಪಾಪ, ಆ ಹುಡುಗಿ ಜ್ಞಾನದ ಬೆಳಕಿನ ಬಗ್ಗೆ ಬರೆದಿದ್ದಳು. ಕುಂದಾ ಸ್ಟಾಫ್ ರೂಮಿಗೆ ಬರುತ್ತಿತ್ತು, ನಾವು ತಿನ್ನುತ್ತಿದ್ದೆವು, ಸರ್ ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದರು. ಇವರೇಕೆ ಹೀಗೆ ಎಂದು ನಾನು ಯೋಚನೆ ಮಾಡಲೇ ಇಲ್ಲ. ಕುಂದಾ ಚೆನ್ನಾಗಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಆ ವರ್ಷ ಕಾಲೇಜಿನಲ್ಲಿ ನನ್ನ ಕವಿತಾ ವಾಚನ ಇಟ್ಟಿದ್ದರು. ಜೀವನದಲ್ಲಿ ಮೊದಲ ಸಲ ವೇದಿಕೆ ಸಿಕ್ಕಿತ್ತು. ಅಧ್ಯಕ್ಷತೆಗೆ ಸರ್. ಕೊರಳಿಗೆ ಹಾರ ಬಿದ್ದ ಒಂದು ನಿಮಿಷಕ್ಕೆ ಸರ್ ನಿದ್ದೆ ಹೋದರು. ಬರೀ ನಿದ್ದೆಯಲ್ಲ, ಗೊರಕೆ, ಅದೂ ಮೈಕಿನ ಹತ್ತಿರ. ನನ್ನ ವಿರಹದ ಕವಿತೆಯ ಪ್ರತಿ ಸಾಲಿನ ಕೊನೆಗೆ ಅವರ ಗೊರಕೆ ತಾಳ ಹಾಕಿತು, ಸಭೆ ನಕ್ಕು ನಕ್ಕು ಸಾಕಾಯಿತು. ಕೊನೆಗೆ ಎಚ್ಚರಾದವರು ಎದ್ದು ನಿಂತು ನನ್ನ ಕವಿತೆಗಳು "ಮನಸ್ಸಿಗೆ ವಿಶ್ರಾಂತಿ ನೀಡುವಂಥವು" ಎಂದು ಅಧ್ಯಕ್ಷ ಭಾಷಣ ಮಾಡಿದರು. 

ಮುಂದಿನ ವಾರವೇ ಗ್ಯಾದರಿಂಗು. ನಮ್ಮ ಕಡೆ ಕಾಲೇಜುಗಳ ವಾರ್ಷಿಕೋತ್ಸವಕ್ಕೆ ಹಾಗೆನ್ನುತ್ತಾರೆ, ಅದರಲ್ಲಿ ಫಿಶ್‌ಪಾಂಡ್ ಎಂದೊಂದು ಕಾರ್ಯಕ್ರಮ ಇರಲೇಬೇಕು. ಮೊದಲೇ ಒಂದು ಡಬ್ಬಿ ಇಟ್ಟಿರುತ್ತಾರೆ. ಯಾರು ಬೇಕಾದರೂ ಯಾರನ್ನು ಬೇಕಾದರೂ ಅಣಕಿಸಿ ಚೀಟಿ ಬರೆದು ಹಾಕಬಹುದು. ಬರೆದವರ ಹೆಸರು ಇರುವುದಿಲ್ಲ, ಯಾರ ಬಗ್ಗೆ ಎಂಬುದೂ ಇರುವುದಿಲ್ಲ. ವೇದಿಕೆಯ ಮೇಲೆ ಓದಿದಾಗ ಸಭೆಯೇ ಗುರುತು ಹಿಡಿದು ಹೆಸರು ಕೂಗಬೇಕು, ಆ ಮನುಷ್ಯ ಎದ್ದು ಬಂದು ಚೀಟಿ ತೆಗೆದುಕೊಂಡು ಹೋಗಬೇಕು. ಆ ವರ್ಷ ಡಬ್ಬಿಯ ಉಸ್ತುವಾರಿ, ಓದುವ ಜವಾಬ್ದಾರಿ ಎರಡೂ ನನ್ನ ಮೇಲಿದ್ದವು. ನಾನು ಸಿಟ್ಟಿನಲ್ಲಿ ಒಂದು ಚೀಟಿ ಬರೆದು ಸೇರಿಸಿದೆ. ಅದು ಹೀಗಿತ್ತು:

"ಹಾರ ಬಿದ್ದ ಕೂಡಲೇ ನಿದ್ದೆ ಹೋಗುತ್ತಾರೆ. ಎದ್ದ ಕೂಡಲೇ ಭಾಷಣ ಮಾಡುತ್ತಾರೆ. ಆಗ ಸಭೆ ನಿದ್ದೆ ಹೋಗುತ್ತದೆ. ಉರಿಬಿಸಿಲಲ್ಲೂ ಕೋಟು. ಪ್ರಪಂಚವೆಲ್ಲ ತಮ್ಮ ತಲೆಯೊಳಗೇ ಇದೆ ಎಂದು ನಂಬಿದ್ದಾರೆ, ತಲೆಯ ಹೊರಗೆ ಒಂದು ಕೂದಲೂ ಇಲ್ಲ. ಶುರುಮಾಡಿದ್ದನ್ನು ಮುಗಿಸಿಲ್ಲ, ಮುಗಿಸುತ್ತೇನೆ ಎನ್ನುವುದನ್ನು ಬಿಟ್ಟಿಲ್ಲ. ಯಾರು ಇವರು?"

ಕೊನೆಯ ಮಾತು ಪಿಎಚ್‌ಡಿಯ ಬಗ್ಗೆ. ಅದು ನೋಯಿಸುತ್ತದೆ ಎಂದು ಗೊತ್ತಿದ್ದೇ ಬರೆದೆ. ಸರ್ ಮೂರನೆಯ ಸಾಲಿನಲ್ಲಿ ಕೂತಿದ್ದರು. ಅವರ ಮುಖವನ್ನೇ ನೋಡುತ್ತ, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಓದಿದೆ.

 ಓದಿ ಮುಗಿದದ್ದೇ ಎಲ್ಲರ ತಲೆಗಳೂ ವೇದಿಕೆಯ ಮಧ್ಯಕ್ಕೆ ತಿರುಗಿದವು. ಅಲ್ಲಿ ನಮ್ಮ ಆಡಳಿತ ಮಂಡಳಿಯ ಚೇರ್ಮನ್‌ರು ಕೂತಿದ್ದರು. ಕೋಟು, ಬೋಳುತಲೆ, ಕೊರಳಲ್ಲಿ ಹಾರ, ಆಗ ತಾನೇ ನಿದ್ದೆಯಿಂದ ಬಿಟ್ಟ ಕಣ್ಣು. ಹಿಂದುಗಡೆ ಹೊಸ ಕಟ್ಟಡದ ಪಾಯ ಏಳು ವರ್ಷದಿಂದ ಹುಲ್ಲು ಬೆಳೆದುಕೊಂಡು ಬಿದ್ದಿತ್ತು. ಪ್ರತಿ ಗ್ಯಾದರಿಂಗಿನಲ್ಲೂ ಅದನ್ನು ಮುಗಿಸುವ ಭರವಸೆ ಕೊಡುತ್ತಿದ್ದರು.

"ಚೇರ್ಮನ್ ಸಾಹೇಬ್ರೂ!" ಎಂದು ಇಡೀ ಸಭೆ ಕೂಗಿತು.

ದೇವರಾಣೆ, ನನಗೆ ಚೇರ್ಮನ್‌ರ ನೆನಪೇ ಬಂದಿರಲಿಲ್ಲ. ಪ್ರಿನ್ಸಿಪಾಲರ ಮುಖ ಬೂದಿಯಾಯಿತು. ಮುಂದಿನ ತಿಂಗಳು ನನ್ನ ಕಾಯಂ ನೌಕರಿಯ ಸಂದರ್ಶನ ಇತ್ತು, ಮಾಡುವವರು ಇದೇ ಚೇರ್ಮನ್‌ರು. ಶಿವಬಸವ ನಗರದ ನನ್ನ ಬಾಡಿಗೆ ಖೋಲಿ, ನನ್ನ ಟ್ರಂಕು, ನನ್ನ ಮದುವೆ ಎಲ್ಲ ಕಣ್ಣೆದುರಿಗೆ ಬಂದು ಹೋದವು.

ಅಷ್ಟರಲ್ಲಿ ಮೂರನೆಯ ಸಾಲಿನಿಂದ ಒಂದು ಕೈ ಎದ್ದಿತು.

"ತಡೀರಿ, ತಡೀರಿ! ತಪ್ಪ ಹೇಳಾಕತ್ತೀರಿ. ಅದು ನನ್ನ ಬಗ್ಗೆ ಐತಿ!"

ಸರ್ ವಾಲಿಕೊಂಡೇ ವೇದಿಕೆ ಹತ್ತಿ ನನ್ನ ಕೈಯಿಂದ ಚೀಟಿ ಕಸಿದುಕೊಂಡರು. ಆಮೇಲೆ ನಡೆದದ್ದು ನಾನು ಕಂಡ ಅತ್ಯುತ್ತಮ ಉಪನ್ಯಾಸ.

"ಒಂದನೇದ್ದು ನಿದ್ದಿ. ಸಾಹೇಬ್ರು ಹಾರಾ ಬಿದ್ದ ಹತ್ತ ಮಿನಿಟಿಗೆ ಮಲಗ್ತಾರ. ನಾ ಒಂದ ಮಿನಿಟಿಗೆ. 'ಕೂಡಲೇ' ಅಂತ ಬರದಾರ, ನೋಡ್ಕೋರಿ. ಎರಡನೇದ್ದು ಕೂದಲಾ. ಸಾಹೇಬ್ರ, ಸ್ವಲ್ಪ ತಿರುಗ್ರಿ. ನೋಡ್ರಿ, ಕಿವಿ ಬಾಜೂಕ ಇನ್ನೂ ಹದಿನಾರು ಹದಿನೇಳು ಅದಾವ. ನಂದು ಪೂರ್ತಿ ಬಯಲು. ಮೂರನೇದ್ದು, ಪ್ರಪಂಚಾ ತಲಿಯೊಳಗ ಐತಿ ಅನ್ನೂದು. ಇದನ್ನ ನಾ ಇಪ್ಪತ್ತೈದು ವರ್ಷದಿಂದ ಪಾಠಾ ಮಾಡ್ತೀನಿ. ಸಾಹೇಬ್ರ ತಲಿಯೊಳಗ ಅಂಥಾದ್ದೇನೂ ಇಲ್ಲ, ಬೇಕಾದ್ರ ಅವರನ್ನ ಕೇಳ್ರಿ."

"ಇಲ್ಲಿಲ್ಲ, ಏನೂ ಇಲ್ಲ," ಎಂದು ಚೇರ್ಮನ್‌ರು ಗಾಬರಿಯಿಂದ ಒಪ್ಪಿಕೊಂಡರು.

"ಇನ್ನ ಕಡೀದ್ದು. ಶುರು ಮಾಡಿದ್ದು ಮುಗಿಸಿಲ್ಲ." ಇಲ್ಲಿ ಸರ್ ಚೀಟಿಯನ್ನು ಮತ್ತೊಮ್ಮೆ ನೋಡಿಕೊಂಡರು. "ಅದಂತೂ ನಂದ ಬಿಡ್ರಿ. ಎಲ್ಲಾರಿಗೂ ಗೊತ್ತೈತಿ."

ಸಭೆ ಬಿದ್ದು ಬಿದ್ದು ನಕ್ಕಿತು. ಚೇರ್ಮನ್‌ರೂ ಕೊನೆಗೆ ನಕ್ಕರು. ನಾನೊಬ್ಬನೇ ಕಂಬದ ಹಾಗೆ ನಿಂತಿದ್ದೆ.

ಮರುದಿನ ಚೇರ್ಮನ್‌ರು ನನ್ನನ್ನು ಕರೆಸಿದರು. "ಆ ಮಾಸ್ತರ ಹೇಳಿದ್ದು ಖರೇನೋ? ಆ ಚೀಟಿ ಅವರ ಬಗ್ಗೇನ ಇತ್ತೇನು?"

"ಖರೇ ರೀ ಸಾಹೇಬ್ರ," ಎಂದೆ. ಹೇಳಿದ್ದು ನೂರಕ್ಕೆ ನೂರು ನಿಜ. ಆದರೂ ಸುಳ್ಳು ಸಾಕ್ಷಿ ಹೇಳುವವನ ಹಾಗೆ ಬೆವರಿದೆ. ಅವರು ನಂಬಲಿಲ್ಲ, ಆದರೆ ನಂಬುವುದಿಲ್ಲ ಎಂದರೆ ಚೀಟಿ ತಮ್ಮ ಬಗ್ಗೆ ಇತ್ತೆಂದು ಒಪ್ಪಿಕೊಂಡಂತಾಗುತ್ತದೆ. ಮುಂದಿನ ತಿಂಗಳು ನನ್ನ ನೌಕರಿ ಕಾಯಂ ಆಯಿತು.

ಸ್ಟಾಫ್ ರೂಮಿನಲ್ಲೆಲ್ಲ ಒಂದೇ ಮಾತು. ಚೇರ್ಮನ್‌ರ ಮೇಲೆ ಬರೆದದ್ದನ್ನು ಸರ್ ಮೈಮೇಲೆ ಹಾಕಿಕೊಂಡು ಈ ಹುಡುಗನ ನೌಕರಿ ಉಳಿಸಿದರು, ಎಂಥ ದೊಡ್ಡ ಮನಸ್ಸು! ಸರ್ ಕೂಡ ಹಾಗೆಂದುಕೊಂಡೇ ಎದ್ದಿರಬೇಕೆಂದು ನಾನು ನಂಬಿದೆ. ಅಂದರೆ ನನಗಾಗಿ ತಾವು ಒಂದು ದೊಡ್ಡ ಸುಳ್ಳು ಹೇಳಿದೆವೆಂದು ಅವರು ತಿಳಿದಿದ್ದಾರೆ, ಆದರೆ ಅದು ಸುಳ್ಳಲ್ಲ, ಚೀಟಿ ಬರೆದ ಪಾಪಿ ನಾನು. ಇದನ್ನು ಅವರಿಗೆ ಹೇಗೆ ಹೇಳುವುದು?

ಇನ್ನೂ ಕೆಟ್ಟದ್ದೆಂದರೆ ಅಂದಿನಿಂದ ಸರ್ ಆ ಚೀಟಿಯಲ್ಲಿದ್ದ ಹಾಗೆಯೇ, ಅದಕ್ಕಿಂತ ಒಂದು ಕೈ ಹೆಚ್ಚಾಗಿಯೇ ಬದುಕತೊಡಗಿದರು. ಹಾರ ಬಿದ್ದರೆ ಒಂದು ನಿಮಿಷವೂ ತಡೆಯುತ್ತಿರಲಿಲ್ಲ, ಕೆಲವೊಮ್ಮೆ ಹಾರ ಇನ್ನೂ ತಟ್ಟೆಯಲ್ಲಿರುವಾಗಲೇ ಕಣ್ಣು ಮುಚ್ಚುತ್ತಿದ್ದರು. ಒಂದು ಬೆಳಿಗ್ಗೆ ಯಾವುದೋ ಕೆಲಸಕ್ಕೆ ಖಾನಾಪುರಕ್ಕೆ ಹೋಗಿದ್ದವನು ಅವರನ್ನು ಪ್ಲಾಟ್‌ಫಾರ್ಮಿನಲ್ಲಿ ದೂರದಿಂದ ನೋಡಿದೆ. ಕೋಟಿನ ಗುಂಡಿಗಳು ಅಪರೂಪಕ್ಕೆ ಸರಿಯಾಗಿದ್ದವು. ಸರ್ ಅವುಗಳನ್ನು ನೋಡಿಕೊಂಡರು, ಎಲ್ಲವನ್ನೂ ಬಿಚ್ಚಿದರು, ಒಂದು ಮನೆ ತಪ್ಪಿಸಿ ಮತ್ತೆ ಹಾಕಿಕೊಂಡರು. ನನ್ನ ನೌಕರಿಗೆ ಇನ್ನೂ ಕಾವಲು ನಿಂತಿದ್ದಾರೆ ಎನ್ನಿಸಿ ನನಗೆ ಅಳು ಬಂತು.

ಅಂದು ಗಾಡಿಯಲ್ಲಿ ಅವರ ಪಕ್ಕವೇ ಕೂತು ಹೇಳಿಬಿಡಬೇಕೆಂದು ಬಾಯಿ ತೆರೆದೆ. "ಸರ್, ಆ ಫಿಶ್‌ಪಾಂಡ್ ಚೀಟಿ ಇತ್ತಲ್ರಿ, ಅದನ್ನ ಬರದಾವ್ರು..."

ಸರ್ ಕೈ ಅಡ್ಡ ಹಿಡಿದರು. "ಬ್ಯಾಡ. ಅಣಕಾ ಬರದವರ ಹೆಸರು ಕೇಳಬಾರದು. ಆಗಿನವರೂ ಭಾಳ ಮಂದಿ ಹೆಸರು ಹಾಕ್ತಿದ್ದಿಲ್ಲ." ಅಲ್ಲಿಂದ ಹೆಸರು ಮುಚ್ಚಿಟ್ಟು ಪುಸ್ತಕ ಅಚ್ಚು ಹಾಕಿಸುವವರ ಕತೆಗೆ ಹೊರಟರು. ನಾನು ಬೆಳಗಾವಿ ಬರುವ ತನಕ ತಲೆಯಾಡಿಸಿದೆ.

ನಿವೃತ್ತರಾದರು. ಪಿಎಚ್‌ಡಿ ಮುಗಿಯಲಿಲ್ಲ. ಈ ಸಲ ಕಾಯಿಲೆ ಬಿದ್ದು ನೆಹರು ನಗರದ ಆಸ್ಪತ್ರೆಗೆ ಸೇರಿದಾಗ ಇವತ್ತು ಹೇಳಲೇಬೇಕೆಂದು ಹೋದೆ. ಸರ್ ಸೊರಗಿ ಹೋಗಿದ್ದರು.

"ಛಲೋ ಟೈಮಿಗೆ ಬಂದಿ ತಮ್ಮಾ. ಮುಂಜಾನಿಂದ ನನ್ನ ಕಾಲ ಅದಾವೋ ಇಲ್ಲೋ ಅಂತ ಸಂಶಯಾ ಬಂದೈತಿ. ಸ್ವಲ್ಪ ಚಿವುಟಿ ನೋಡು."

ಚಿವುಟಿದೆ.

"ಅಯ್ಯಯ್ಯೋ! ಅದಾವ, ಅದಾವ!" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದರು. ನರ್ಸ್ ಓಡಿಬಂದು ನನ್ನನ್ನು ಹೊರಗೆ ಕಳಿಸಿದರು. ಮತ್ತೆ ಅವರನ್ನು ಜೀವಂತ ನೋಡಲಿಲ್ಲ.

ಮೊನ್ನೆ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ವೇದಿಕೆಯ ಮೇಲೆ ಸರ್ ಅವರ ದೊಡ್ಡ ಫೋಟೋ. ಸ್ಟುಡಿಯೋದವರು ಗೌರವದಿಂದ ಮೈಬಣ್ಣ ತಿಳಿಮಾಡಿ, ಕಿವಿಯ ಮೇಲೆ ಒಂದಿಷ್ಟು ಕೂದಲು ಕೊಟ್ಟಿದ್ದರು. ಮುಂದಿನ ಸಾಲಿನಲ್ಲಿದ್ದ ಕಾಕೂ ಅದನ್ನು ಬಹಳ ಹೊತ್ತು ನೋಡಿ, "ಇವರ್ಯಾರ?" ಎಂದು ನನ್ನನ್ನೇ ಕೇಳಿದರು.

ಚೇರ್ಮನ್‌ರು ಈಗ ಚೇರ್ಮನ್ ಅಲ್ಲ, ತೀರ ವಯಸ್ಸಾಗಿದೆ. ಇಬ್ಬರು ಹಿಡಿದುಕೊಂಡು ಮೈಕಿನ ತನಕ ತಂದರು. ಅವರು ಗದ್ಗದಿತರಾಗಿ ಹೇಳಿದರು: "ಇವತ್ತ ಖರೇ ಹೇಳ್ತೀನಿ. ಆ ಫಿಶ್‌ಪಾಂಡ್ ಚೀಟಿ ನನ್ನ ಬಗ್ಗೆ ಇತ್ತು. ನನ್ನ ಅವಮಾನಾನ ಆ ಪುಣ್ಯಾತ್ಮ ತಮ್ಮ ತಲಿ ಮ್ಯಾಲೆ ಹೊತ್ತಗೊಂಡ್ರು. ಅಂಥಾ ತ್ಯಾಗಿ ಇನ್ನೊಬ್ಬರಿಲ್ಲ." ಸಭೆಯಲ್ಲಿ ಹಲವರು ಕಣ್ಣೊರೆಸಿಕೊಂಡರು. ಫೋಟೋದ ಕೆಳಗೆ 'ತ್ಯಾಗಮೂರ್ತಿ' ಎಂದು ಬರೆಸಿ ಹಾಲಿನಲ್ಲಿ ಹಾಕಬೇಕೆಂದು ಅಲ್ಲೇ ಗೊತ್ತುವಳಿಯಾಯಿತು.

ನಂತರ ನನ್ನ ಸರದಿ. ಎರಡು ಪುಟ ಬರೆದುಕೊಂಡು ಹೋಗಿದ್ದೆ. ಸುಮ್ಮನೆ ಓದಿ ಇಳಿದಿದ್ದರೆ ಮುಗಿದುಹೋಗುತ್ತಿತ್ತು. ಕೂದಲಿರುವ ಆ ಫೋಟೋ ನೋಡಿದೆ, ತಡೆಯಲಾಗಲಿಲ್ಲ.

"ಆ ಚೀಟಿ ಬರದಾಂವ ನಾ," ಎಂದೆ. "ಚೇರ್ಮನ್ ಸಾಹೇಬ್ರ ಬಗ್ಗೆ ಅಲ್ಲ. ಸರ್ ಬಗ್ಗೇನ ಬರದಿದ್ದೆ. ನನ್ನ ಕವಿತಾ ಓದೂ ಮುಂದ ಮಲಗಿದ್ರು ಅಂತ ಸಿಟ್ಟೀಲೆ ಬರದೆ. ತಾವು ಮಾಡಿದ್ದು ತ್ಯಾಗ ಅಂತ ಅವರೂ ತಿಳಕೊಂಡಿದ್ರು. ಅವರಿಗೆ ಹೇಳಾಕ ನನಗ ಧೈರ್ಯ ಆಗಲಿಲ್ಲ. ಕಾಕೂ, ತಪ್ಪಾತ್ರಿ."

 ಮೊದಲು ಮಾತಾಡಿದವರು ಚೇರ್ಮನ್‌ರು, ಅದೂ ಅಳುವ ದನಿಯಲ್ಲಿ.

"ಅಂದ್ರ... ನನ್ನ ಬಗ್ಗೆ ಯಾರೂ ಏನೂ ಬರದ ಇಲ್ಲೇನು?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಗ ಕಾಕೂ ನಗಲು ಶುರುಮಾಡಿದರು. ಸೆರಗು ಬಾಯಿಗಿಟ್ಟುಕೊಂಡು, ಹೆಗಲು ಕುಣಿಯುವಂತೆ ನಕ್ಕರು. ಸಾವಿನ ಮನೆಯವರೇ ನಕ್ಕ ಮೇಲೆ ಸಭೆಗೆ ಏನು ಅಡ್ಡಿ? ನಗೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಾನು ಕೆಳಗಿಳಿದು ಅವರ ಬಳಿ ಹೋದೆ, ಕಾಲು ಮುಟ್ಟಲು ಬಗ್ಗಿದವನನ್ನು ಹಿಡಿದು ಬಾಜೂಕ ಕೂರಿಸಿಕೊಂಡರು.

"ಅವರಿಗೆ ಅವತ್ತ ಗೊತ್ತಿತ್ತಪಾ. ಹುಚ್ಚ ಅದೀ ನೋಡು. ಗಾಡಿ ಇಳದು ಮನಿಗೆ ಬಂದಾವ್ರ, ಕೋಟು ಸೈತ ಕಳೀಲಿಲ್ಲ, ಹೇಳಿದ್ರು: ಇಷ್ಟ ವರ್ಷಕ್ಕ ಒಬ್ಬ ಹುಡುಗ ನನ್ನ ಮ್ಯಾಲಿಂದ ಕೆಳಗಿನ ತನಕಾ ಪೂರ್ತಿ ನೋಡಿ ಬರದಾನ. ಅದನ್ನೂ ಆ ಚೇರ್ಮನ್ ಹೊಡಕೊಂಡು ಹೊಂಟಿದ್ದ, ನಾ ಬಿಡಲಿಲ್ಲ ಅಂತ." ಕಾಕೂ ಕಣ್ಣೊರೆಸಿಕೊಂಡರು. "ಅವತ್ತ ಎರಡ ರೊಟ್ಟಿ ಜಾಸ್ತಿ ತಿಂದ್ರು."